ಸೋನ್ಕಿಯೋ, ಗುರೆಳ್ಳೋ?

ಕೆಲ ವರ್ಷಗಳ ಹಿಂದೆ ಸೆಪ್ಟೆಂಬರ್‌ನಲ್ಲಿ ನಮ್ಮ ಬ್ಯಾಂಕಿನ ಹತ್ತು-ಹನ್ನೆರಡು ಮಂದಿ ಕುಟುಂಬ ಸಮೇತ ಲೋಣಾವಳದ ಹತ್ತಿರದ ಲೋಹಗಡಕ್ಕೆ ಹೋಗಿದ್ದೆವು. ಕಾಡಂಚಿನ ಇಳಿಜಾರೆಲ್ಲ ಹಳದಿ ಹೂಗಳಿಂದ ತುಂಬಿತ್ತು. "ಇದು ನಮ್ಮೂರ ಗುರೆಳ್ಳು!" ಎಂದು ನಾನು ಎಲ್ಲರೆದುರು ಸಾರಿಬಿಟ್ಟೆ. ಧಾರವಾಡದ ಕಡೆ ಹುಟ್ಟಿದ ನನಗೆ ಗುರೆಳ್ಳು ಚಟ್ನಿಯ ನೆನಪಾಗಿ ಬಾಯಲ್ಲಿ ನೀರೂರಿತ್ತು. ನನ್ನ ಮಾತು ನಂಬಿದ ಸಹೋದ್ಯೋಗಿಯೊಬ್ಬರ ಪತ್ನಿ ಪಲ್ಯಕ್ಕೆಂದು ಎಳೆ ಕುಡಿಗಳನ್ನು ಕಿತ್ತು ಚೀಲಕ್ಕೆ ಹಾಕತೊಡಗಿದರು.

ದಾರಿ ಬದಿಯಲ್ಲಿ ಮಜ್ಜಿಗೆ ಮಾರುತ್ತಿದ್ದ ಹೆಂಗಸು ತಡೆದಳು: "ಕಾಕಾ, ಹೀ ಸೋನ್ಕಿ ಆಹೆ, ಕಾರಳೆ ನಾಹೀ. ಖಾವೂ ನಕಾ." ಕಾರಳೆ ಎಂದರೆ ಮರಾಠಿಯಲ್ಲಿ ಗುರೆಳ್ಳು, ಮೈಸೂರು ಕಡೆಯವರ ಹುಚ್ಚೆಳ್ಳು. ನನಗೆ ನಾಚಿಕೆಯಾಯಿತು.

ಮನೆಗೆ ಬಂದು ಪುಸ್ತಕ ತಿರುವಿದಾಗ ಆಕೆಯ ಮಾತೇ ಸರಿಯೆಂದು ತಿಳಿಯಿತು. ಎರಡೂ ಸೂರ್ಯಕಾಂತಿ ಕುಟುಂಬದವೇ. ನಾವು ಒಂದು ಹೂವೆನ್ನುವುದು ವಾಸ್ತವವಾಗಿ ಹಲವು ಪುಟ್ಟ ಹೂಗಳ ಗೊಂಚಲು. ಆದರೆ ಹೂವನ್ನು ಮಗುಚಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಗುರೆಳ್ಳಿನ ಹೂವಿನಡಿ ಎಲೆಯಂತಹ ಐದು ಅಗಲ ಹಸಿರು ದಳಗಳಿರುತ್ತವೆ; ಸೋನ್ಕಿಯಲ್ಲಿ ಕಿರಿದಾದ ಹಸಿರು ಪಟ್ಟಿಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಗುರೆಳ್ಳಿನ ಕೆಳಗಿನ ಎಲೆಗಳು ಎದುರುಬದುರು, ಸೋನ್ಕಿಯವು ಒಂದಾದ ಮೇಲೊಂದು. ಬಲಿತಾಗಲಂತೂ ಸಂಶಯವೇ ಇಲ್ಲ: ಗುರೆಳ್ಳಿನದು ಹೊಳೆಯುವ ಕಪ್ಪು ಕಾಳು, ಸೋನ್ಕಿಯ ಬೀಜ ಬಿಳಿ ಕೂದಲು ಹೊತ್ತು ಗಾಳಿಯಲ್ಲಿ ಹಾರುತ್ತದೆ.

ಸೋನ್ಕಿಯ ಶಾಸ್ತ್ರೀಯ ಹೆಸರು ಸೆನೆಸಿಯೋ ಬಾಂಬೆಯೆನ್ಸಿಸ್. ಲ್ಯಾಟಿನ್‌ನಲ್ಲಿ 'ಸೆನೆಕ್ಸ್' ಎಂದರೆ ಮುದುಕ; ಆ ಬಿಳಿ ಕೂದಲಿಗೇ ಈ ಹೆಸರು. ನಮ್ಮ ನಗರ 1995ರಲ್ಲಿ ಮುಂಬಯಿ ಆದರೂ ಹೂವಿನ ಹೆಸರಲ್ಲಿ ಬಾಂಬೆ ಹಾಗೇ ಉಳಿದಿದೆ. ಸೆನೆಸಿಯೋ ಗುಂಪಿನ ಅನೇಕ ಗಿಡಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷಾಂಶವಿದೆ ಎಂದು ಓದಿದಾಗ ನಿಜಕ್ಕೂ ಬೆವರಿದೆ. ಅಂದು ಆಕೆ ಸುಮ್ಮನಿದ್ದಿದ್ದರೆ ಆ ಪಲ್ಯ ಮಕ್ಕಳ ತಟ್ಟೆಗೂ ಬೀಳುತ್ತಿತ್ತು.

ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಎಷ್ಟೇ ಪರಿಚಿತ ಮುಖವಾದರೂ ಸಹಿ ತಾಳೆ ನೋಡದೆ ಚೆಕ್ಕಿಗೆ ಹಣ ಕೊಟ್ಟವನಲ್ಲ. ಬೆಟ್ಟದ ಮೇಲೆ ಮಾತ್ರ ಊರಿನ ನೆನಪಿಗೆ ಸೋತು ಬಣ್ಣವೊಂದನ್ನೇ ನಂಬಿದೆ. ಮಳೆ ಇಳಿದಾಗ ಓದುಗರೂ ಸಹ್ಯಾದ್ರಿ ಹತ್ತಿ ಸೋನ್ಕಿಯನ್ನು ಕಣ್ತುಂಬ ನೋಡಿ ಬರಲಿ. ಕೀಳುವುದು ಬೇಡ, ಬಾಯಿಗಂತೂ ಬೇಡವೇ ಬೇಡ. ಗೊತ್ತಾಗದಿದ್ದರೆ ಅಲ್ಲಿಯವರನ್ನೇ ಕೇಳಿ.