ಕೆಂಪೆಲೆಯ ಬೇಲಿ

ನಿಮ್ಮ ಶಾಲೆಯ ಗೇಟಿನ ಹತ್ತಿರ ತಾಮ್ರದ ಬಣ್ಣದ ಎಲೆಯ ಪೊದೆ ಇದೆಯಾ? ಕೆಂಪು, ಗುಲಾಬಿ, ಕಂದು ಬಣ್ಣ ಚೆಲ್ಲಿದ ಹಾಗಿರುವ ಅಗಲ ಎಲೆ, ಅಂಚಿಗೆ ಗರಗಸದ ಹಲ್ಲು. ಅದೇ ಅಕಾಲಿಫಾ. ಪೆಸಿಫಿಕ್ ದ್ವೀಪಗಳ ಕಡೆಯ ಗಿಡ. ನಮ್ಮ ಹಿತ್ತಲ ಕುಪ್ಪಿಗಿಡವೂ ಇದರ ಕುಲದ್ದೇ. (ಕುಪ್ಪಿಗಿಡದ ಬೇರು ಕಿತ್ತರೆ ಬೆಕ್ಕು ಹುಡುಕಿಕೊಂಡು ಬರುತ್ತೆ, ಅದು ಬೇರೆ ಕಥೆ!)

ಎಲೆ ಆಹಾರ ತಯಾರಿಸಲು ಪತ್ರಹರಿತ್ತು ಬೇಕು ಅಂತ ಓದಿದ್ದೀರಿ. ಹಾಗಾದರೆ ಕೆಂಪೆಲೆ ಉಪವಾಸವೇ? ಶಿಕ್ಷಕರ ಎದುರಲ್ಲೇ ಒಂದು ಪ್ರಯೋಗ ಮಾಡಿ. ಚೆನ್ನಾಗಿ ಕೆಂಪಾದ ನಾಲ್ಕೈದು ಎಲೆಗಳನ್ನು ನೀರಲ್ಲಿ ಹಾಕಿ ಹತ್ತು ನಿಮಿಷ ಕುದಿಸಿ. ಕೆಂಪು ನೀರಿಗಿಳಿಯುತ್ತದೆ, ಎಲೆಯಲ್ಲಿ ಮಂಕು ಹಸಿರು ಉಳಿಯುತ್ತದೆ. ಕೆಂಪು ಆಂಥೋಸಯನಿನ್ ಕೋಶರಸದಲ್ಲಿ ಕರಗಿರುವ ಬಣ್ಣ. ಪತ್ರಹರಿತ್ತು ನೀರಲ್ಲಿ ಕರಗುವುದಿಲ್ಲ. ಅಂದರೆ ಹಸಿರು ಮೊದಲಿನಿಂದಲೂ ಅಲ್ಲೇ ಇತ್ತು, ಕೆಂಪು ಅದನ್ನು ಮರೆಮಾಡಿತ್ತು ಅಷ್ಟೆ. ಆ ನೀರನ್ನು ಚೆಲ್ಲಬೇಡಿ. ಆರಿದ ಮೇಲೆ ಎರಡು ಲೋಟಕ್ಕೆ ಹಂಚಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡ ಹಾಕಿ ನೋಡಿ.

ಈ ಗಿಡ ಬೆಳೆಸೋದು ಸುಲಭ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಇಳಿಯುವಂತೆ ನೆಡಿ. ನೀರು ನಿಲ್ಲಬಾರದು. ಬಿಸಿಲು ಬೇಕೇ ಬೇಕು, ನೆರಳಲ್ಲಿ ಬಣ್ಣ ಮಾಸುತ್ತದೆ. ಬೇಲಿಗಾದರೆ ಎರಡೆರಡು ಅಡಿಗೆ ಒಂದು ಕಡ್ಡಿ ಸಾಕು. ಬಿಟ್ಟರೆ ಆಳೆತ್ತರ ಮೀರಿ ಬೆಳೆಯುತ್ತದೆ, ಕತ್ತರಿಸುತ್ತಿರಿ.

ಬಣ್ಣದ ಬೇಲಿ ಅಂತ ಯಾವ ಗಿಡವನ್ನಾದರೂ ತಂದು ನೆಡಬಹುದಾ? ಲಂಟಾನ ಕೂಡ ಅಂದಕ್ಕಾಗಿಯೇ ಬಂದ ಪೊದೆ. ಅಮೆರಿಕ ಖಂಡದ ಈ ಗಿಡವನ್ನು 1809ರ ಹೊತ್ತಿಗೆ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಈಗ ಅದು ಎಲ್ಲಿಲ್ಲ? ತಾಳವಾಡಿ, ವಯನಾಡು, ನೀಲಗಿರಿಯ ಮಕ್ಕಳಿಗೆ ತೋರಿಸಿಕೊಡಬೇಕಾಗಿಲ್ಲ. ಕಾಡಿನೊಳಗೆ ಅದು ದಟ್ಟವಾಗಿ ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ, ಜಿಂಕೆಗೂ ಮೇವಿಲ್ಲ, ದನಕ್ಕೂ ಮೇವಿಲ್ಲ. ಹಸಿವಿಗೆ ಅದನ್ನೇ ಮೇಯ್ದ ದನದ ಪಿತ್ತಜನಕಾಂಗ ಕೆಟ್ಟು, ಬಿಸಿಲಿಗೆ ಚರ್ಮ ಬಿರಿಯುತ್ತದೆ.

ಎರಡೂ ಹೊರಗಿನಿಂದ ಬಂದವೇ. ವ್ಯತ್ಯಾಸ ಹಣ್ಣಿನಲ್ಲಿದೆ. ಲಂಟಾನದ ಕಪ್ಪು ಹಣ್ಣನ್ನು ಪಿಕಳಾರ ತಿಂದು ಬೀಜವನ್ನು ದೂರ ಒಯ್ದು ಹಾಕುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರು. ತೋಟದ ಅಕಾಲಿಫಾ ಬೀಜ ಕಟ್ಟುವುದೇ ಅಪರೂಪ. ಸಾಮಾನ್ಯವಾಗಿ ನೀವು ಕಡ್ಡಿ ನೆಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಮ್ಮೂರಲ್ಲಿ ಇವೆರಡೂ ಇದ್ದರೆ, ಮಳೆ ಬಿದ್ದು ತಿಂಗಳಾದ ಮೇಲೆ ಎರಡರ ಬುಡದ ಸುತ್ತ ಒಂದೊಂದು ಮೀಟರ್ ಜಾಗದಲ್ಲಿ ಅದದೇ ಗಿಡದ ಸಸಿಗಳು ಎಷ್ಟಿವೆ ಅಂತ ಎಣಿಸಿ. ಲೆಕ್ಕ ಬರೆದು ನಮಗೆ ಕಳಿಸಿ.