ಯಂತ್ರಕ್ಕೂ ತಾಯ್ನುಡಿ ಬೇಕು

ಬದಲಾಪುರದಲ್ಲಿ ನೆಲೆಸಿರುವ ನಮ್ಮ ಹೋಟೆಲ್ ಕಾರ್ಮಿಕ ಬಂಧುವೊಬ್ಬರ ಮಗಳು ಶಿಕ್ಷಕಿಯ ತರಬೇತಿ ಪಡೆಯುತ್ತಿರುವಳು. ಮೊಬೈಲಿನಲ್ಲಿ ಪಾಠದ ಚಿತ್ರಗಳನ್ನು ಹೊಂದಿಸಿ ಧ್ವನಿ ಕೂಡಿಸುವುದನ್ನೂ, ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ದೃಶ್ಯಪಾಠ ತೆರೆಯುವುದನ್ನೂ ಅಲ್ಲಿ ಕಲಿತಳು. ಆದರೆ ಮರಾಠಿ ಶಾಲೆಯೊಂದರಲ್ಲಿ ನಡೆಸಿದ ಮೊದಲ ಅಭ್ಯಾಸಪಾಠದಲ್ಲಿ, ಮಕ್ಕಳೆಲ್ಲ ಉತ್ತರಕ್ಕೆ ಕೈಯೆತ್ತಿದಾಗ, ಆಗತಾನೇ ಊರಿನಿಂದ ಬಂದ ಕನ್ನಡದ ಹುಡುಗನೊಬ್ಬ ತಲೆತಗ್ಗಿಸಿ ಕುಳಿತಿದ್ದನು. ಚಿತ್ರ ಕಂಡಿತ್ತು, ಮಾತು ತಿಳಿದಿರಲಿಲ್ಲ. ಅಂದು ರಾತ್ರಿಯೇ ಆಕೆ ಅದೇ ಚಿತ್ರಗಳಿಗೆ ತನ್ನ ದನಿಯಲ್ಲಿ ಕನ್ನಡದ ವಿವರಣೆ ಕೂಡಿಸಿದಳು. ಮರುದಿನ ಆ ಹುಡುಗನ ಕೈಯೂ ಮೇಲೆದ್ದಿತು.

ಇದನ್ನು ಕೇಳಿದಾಗ ನಮಗೆ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ನೆನಪಾಯಿತು. ಅಲ್ಲಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತಸಿಂಹ ಡಿಸಲೆಯವರು, ಪಾಠಗಳು ಮಕ್ಕಳ ಮನೆಮಾತಾದ ಕನ್ನಡದಲ್ಲಿಲ್ಲವೆಂದರಿತು, ಸ್ವತಃ ಕನ್ನಡ ಕಲಿತರು. 1ರಿಂದ 4ನೆಯ ತರಗತಿಯ ಪುಸ್ತಕಗಳನ್ನು ಕನ್ನಡಿಸಿ ಕ್ಯೂಆರ್ ಸಂಕೇತ ಜೋಡಿಸಿದರು. 2020ರಲ್ಲಿ ಅವರಿಗೆ 10 ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಸಂದಿತು. ಅರ್ಧ ಹಣವನ್ನು ಅವರು ಜೊತೆಯ 9 ಸ್ಪರ್ಧಿಗಳಿಗೆ ಹಂಚಿದರು.

ಯಂತ್ರ ಪಾಠವನ್ನು ತೋರಿಸಬಲ್ಲದು, ಮನಮುಟ್ಟಿಸುವುದು ಮಾತು. ದಿನವೆಲ್ಲ ದುಡಿದು ಬರುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ: ಮಗುವಿನ ಕೈಗೆ ಮೊಬೈಲ್ ಕೊಟ್ಟಾಗ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, ಕಂಡುದನ್ನು ಕನ್ನಡದಲ್ಲಿ ಹೇಳಿಸಿರಿ.