ನನ್ನ ಪಟ್ಟಿ, ಅವಳ ಪಟ್ಟಿ

ಅಪ್ಪ ಫೋನ್ ಮಾಡಿದಾಗ ನಾನು ಹಾಸ್ಟೆಲ್ಲಿನಲ್ಲಿ ನಾಲ್ಕನೇ ಸೆಮಿಸ್ಟರಿನ ಇಂಟರ್ನಲ್ಸ್‌ಗೆ ಓದುತ್ತಿದ್ದೆ. ‘ನಿನ್ ತಂಗಿ ಡ್ರಾಯಿಂಗ್ ಕಾಲೇಜಿಗೆ ಸೇರ್ತಾಳಂತೆ. ನೀನು ಇಂಜಿನಿಯರಿಂಗ್ ಓದ್ತಿರೋನು, ಬಂದು ಸ್ವಲ್ಪ ಬುದ್ಧಿ ಹೇಳು’ ಅಂದರು. ಅಪ್ಪನದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಇವತ್ತಿನ ಬೆಲೆ ನಾಳೆ ಇರುವುದಿಲ್ಲ. ಮಕ್ಕಳ ಓದಿಗಾದರೂ ಒಂದು ಖಾತ್ರಿ ಇರಲಿ ಎನ್ನುವುದು ಅವರ ಆಸೆ. ಅದನ್ನು ನಾನು ತಪ್ಪು ಅನ್ನಲಾರೆ.

ಶನಿವಾರ ಊರಿಗೆ ಹೋದೆ. ತಂಗಿ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಳು, ಮಾರ್ಕ್ಸ್ ನನಗಿಂತ ಜಾಸ್ತಿ. ರೂಮಿನ ಗೋಡೆಗೆ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ಅಂಟಿಸಿದ್ದಳು. ಅದರಲ್ಲಿ ಮೂರು ಕಾಲಂ: ಕೈ, ಕಣ್ಣು, ಕ್ಯಾಮೆರಾ. ಕೈ ಅಂದರೆ ಚಿತ್ರ ಬಿಡಿಸುವುದು, ಶಿಲ್ಪ, ಅಚ್ಚು. ಕಣ್ಣು ಅಂದರೆ ಕಲಾ ಇತಿಹಾಸ. ಕ್ಯಾಮೆರಾ ಅಂದರೆ ಸಿನಿಮಾ. ಹೆಸರುಗಳು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು, ಹೇಳಲಿಲ್ಲ.

ನಾನು ಬಸ್ಸಿನಲ್ಲೇ ಒಂದು ವಾದ ತಯಾರು ಮಾಡಿಕೊಂಡು ಹೋಗಿದ್ದೆ. ಗಿರೀಶ್ ಕಾಸರವಳ್ಳಿಯವರು ಮೊದಲು ಮಣಿಪಾಲದಲ್ಲಿ ಬಿ.ಫಾರ್ಮಾ ಓದಿದವರು. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. 1977ರಲ್ಲಿ ‘ಘಟಶ್ರಾದ್ಧ’ ಮಾಡಿ ಸ್ವರ್ಣ ಕಮಲ ತಂದರು. ‘ಹಾಗೇ ನೀನೂ ಮೊದಲು ಬಿಇ ಮುಗಿಸು, ಪುಣೆಗೆ ಹೇಗೂ ಯಾವುದಾದರೂ ಒಂದು ಡಿಗ್ರಿ ಬೇಕೇ ಬೇಕಲ್ಲ’ ಅಂದೆ. ಇಷ್ಟು ಒಳ್ಳೆಯ ಉದಾಹರಣೆ ಸಿಕ್ಕಿದ್ದಕ್ಕೆ ನನಗೆ ನನ್ನ ಮೇಲೇ ಮೆಚ್ಚುಗೆ ಇತ್ತು.

ಅವಳು ಗೋಡೆಯ ಹಾಳೆಯ ಮೂರನೇ ಕಾಲಂ ತೋರಿಸಿದಳು. ‘ಅದು ಡೈರೆಕ್ಷನ್‌ಗೆ ಅಣ್ಣ. ನನಗೆ ಬೇಕಿರೋದು ಆರ್ಟ್ ಡೈರೆಕ್ಷನ್. ಅದಕ್ಕೆ ಯಾವುದೋ ಡಿಗ್ರಿ ಸಾಲಲ್ಲ. ಪೇಂಟಿಂಗ್, ಅಪ್ಲೈಡ್ ಆರ್ಟ್, ಆರ್ಕಿಟೆಕ್ಚರ್ ಥರದ್ದು ಕೇಳ್ತಾರೆ. ಬಿಇ ಮಾಡಿದ್ರೆ ಆ ಬಾಗಿಲು ಮುಚ್ಚಿದ ಹಾಗೇ.’

ನನ್ನ ವಾದ ಅಲ್ಲಿಗೆ ಮುಗಿಯಿತು. ಬುದ್ಧಿ ಹೇಳಲು ಹೋದವನು ಲ್ಯಾಪ್‌ಟಾಪ್ ತೆಗೆದು ಅವಳ ಪಕ್ಕ ಕೂತು ಎಕ್ಸೆಲ್ ಶೀಟ್ ಮಾಡತೊಡಗಿದೆ.

ಮೊದಲ ತೊಡಕು ಎಂದರೆ, ಅವಳಿಗೆ ಬೇಕಾದ ಮೂರೂ ಒಂದೇ ಸೂರಿನ ಕೆಳಗೆ ಸಿಗುವುದು ಕಷ್ಟ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಅಂದರೆ ಎಲ್ಲರೂ ಕಾವಾ ಅನ್ನುವುದು, ನಮ್ಮೂರಿನಿಂದ ನೇರ ರೈಲಿನ ದಾರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಚಿತ್ರಸಂತೆಯಿಂದಾಗಿ ಅಮ್ಮನಿಗೂ ಗೊತ್ತಿರುವ ಹೆಸರು. ಇಂಥ ಕಡೆ ಕಲಾ ಪದವಿ ನಾಲ್ಕು ವರ್ಷದ್ದು, ಬಿಇ ಇದ್ದ ಹಾಗೇ. ಶುರುವಿನಲ್ಲಿ ಎಲ್ಲದರ ಅಡಿಪಾಯ ಹಾಕಿಸುತ್ತಾರೆ. ಆಮೇಲೆ ಪೇಂಟಿಂಗೋ ಶಿಲ್ಪವೋ ಗ್ರಾಫಿಕ್ಸೋ ಒಂದನ್ನು ಹಿಡಿಯಬೇಕು. ಕಲಾ ಇತಿಹಾಸ ಥಿಯರಿ ಪೇಪರಾಗಿ ಜೊತೆಗೇ ಬರುತ್ತದೆ. ಅದನ್ನೇ ಮುಖ್ಯ ವಿಷಯವಾಗಿ ಪದವಿಯಲ್ಲೇ ಓದಬೇಕೆಂದರೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ ಅಥವಾ ಶಾಂತಿನಿಕೇತನದ ಕಲಾಭವನ. ‘ಬರೋಡಾ ಎಲ್ಲಿದೆ?’ ಎಂದು ಅಡುಗೆಮನೆಯಿಂದ ಅಮ್ಮ ಕೇಳಿದರು. ಗುಜರಾತ್ ಅಂದೆವು. ಒಗ್ಗರಣೆಯ ಸದ್ದು ಬಿಟ್ಟರೆ ಸ್ವಲ್ಪ ಹೊತ್ತು ಬೇರೇನೂ ಕೇಳಿಸಲಿಲ್ಲ.

‘ಮೂರರಲ್ಲಿ ಒಂದನ್ನ ಬಿಡು’ ಅಂದೆ. ಪ್ರಾಜೆಕ್ಟಿನಲ್ಲಿ ನಾವು ಹಾಗೇ ಅಲ್ಲವೇ, ಆಗದ ಫೀಚರನ್ನು ಕಿತ್ತು ಹಾಕುವುದು. ಬಿಡಲ್ಲ ಅಂದಳು. ಸತ್ಯಜಿತ್ ರಾಯ್ ಕಥೆ ಶುರು ಮಾಡಿದಳು. ಅವರು ಅರ್ಥಶಾಸ್ತ್ರ ಓದಿ ಮುಗಿಸಿ, 1940ರಲ್ಲಿ ಕಲಾಭವನಕ್ಕೆ ಚಿತ್ರಕಲೆ ಕಲಿಯಲು ಹೋದವರು. ವಿದ್ಯಾರ್ಥಿಯಾಗಿದ್ದಾಗಲೇ ಅಜಂತಾ, ಎಲ್ಲೋರ ನೋಡಿ ಬಂದರು. ಕೋರ್ಸ್ ಪೂರ್ತಿ ಮಾಡಲಿಲ್ಲ. (ಇದನ್ನು ಅಪ್ಪನ ಮುಂದೆ ಹೇಳಬೇಡ ಎಂದೆ.) ‘ಪಥೇರ್ ಪಾಂಚಾಲಿ’ ಮಾಡುವ ಮುಂಚೆ ದೃಶ್ಯಗಳನ್ನು ಕೈಯಲ್ಲೇ ಬಿಡಿಸಿಟ್ಟುಕೊಂಡಿದ್ದರು. 1972ರಲ್ಲಿ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದು ಕಲಾಭವನದ ಅವರ ಮೇಷ್ಟ್ರು ಬಿನೋದ್ ಬಿಹಾರಿ ಮುಖರ್ಜಿ ಬಗ್ಗೆ, ದೃಷ್ಟಿ ಹೋದ ಮೇಲೂ ಕಲಾಕೃತಿ ಮಾಡುವುದನ್ನು ನಿಲ್ಲಿಸದವರ ಬಗ್ಗೆ. ‘ಇದರಲ್ಲಿ ಕೈ ಯಾವುದು, ಕಣ್ಣು ಯಾವುದು, ಕ್ಯಾಮೆರಾ ಯಾವುದು, ಬೇರೆ ಮಾಡಿ ತೋರಿಸು’ ಅಂದಳು.

ದೂರದ ಬಂಗಾಳದ ಮಾತು ಬಿಡಿ. ‘ಕಾಗಜ್ ಕೆ ಫೂಲ್’ಗೆ ಕ್ಯಾಮೆರಾ ಹಿಡಿದ ಮೈಸೂರಿನ ವಿ.ಕೆ. ಮೂರ್ತಿ ಆ ವಿದ್ಯೆ ಕಲಿತದ್ದು ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ! ನಾನು ಎರಡು ವರ್ಷದಿಂದ ಇಂಜಿನಿಯರಿಂಗ್ ಓದುತ್ತಿದ್ದೇನೆ, ಒಂದು ಕಾಲದಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಸಿನಿಮಾ ಛಾಯಾಗ್ರಹಣ ಕಲಿಸುತ್ತಿದ್ದರು ಎಂಬುದು ಅವಳಿಂದ ಗೊತ್ತಾಯಿತು.

ಕಲಾ ಇತಿಹಾಸದ ಹುಚ್ಚು ಅವಳಿಗೆ ಹತ್ತಿದ್ದು ಪುಸ್ತಕದಿಂದ ಅಲ್ಲ. ನಮ್ಮೂರಿನ ಶಿವಾಲಯದ ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ. ಹೈಸ್ಕೂಲಿನಲ್ಲಿದ್ದಾಗಲೇ ಅದರ ಮೂಲೆಗಳನ್ನು ಎಣಿಸಿ ನೆಲದ ನಕ್ಷೆ ಬಿಡಿಸಲು ಒದ್ದಾಡುತ್ತಿದ್ದಳು. ಒಮ್ಮೆ ಬೇಲೂರಿಗೆ ಹೋದಾಗ ನಾವೆಲ್ಲ ಶಿಲಾಬಾಲಿಕೆಯರ ಮುಖ ನೋಡುತ್ತಿದ್ದರೆ ಇವಳು ಅವರ ಕಾಲ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು ನಿಂತಿದ್ದಳು. ಅಲ್ಲಿ ಕೆತ್ತಿದವರ ಹೆಸರುಗಳಿವೆಯಂತೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ‘ಒಂಬೈನೂರು ವರ್ಷದ ಹಿಂದೆ ಇವರು ಸೈನ್ ಮಾಡಿದ್ದಾರೆ ಅಣ್ಣ, ಯಾರೂ ಓದ್ತಿಲ್ಲ’ ಅಂದಿದ್ದಳು. ನಮ್ಮ ಹಿಂದೆ ಕ್ಯೂ ಬೆಳೆದು ಗೈಡ್ ಬೈದಿದ್ದ.

ರಾತ್ರಿ ಊಟವಾದ ಮೇಲೆ ಒಂದು ಮಾತು ಕೇಳಿದಳು. ‘ನಿನ್ನ ಆಪ್ಷನ್ ಲಿಸ್ಟ್ ಯಾರು ತುಂಬಿದ್ರು?’

ನಾನು ತುಂಬಿರಲಿಲ್ಲ. ಅಪ್ಪನ ಸ್ನೇಹಿತರ ಮಗ ಸೈಬರ್ ಸೆಂಟರಿನಲ್ಲಿ ಕೂತು ತುಂಬಿದ್ದ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ. ಎರಡನೇ ರೌಂಡಿನಲ್ಲಿ ಇಸಿ ಸಿಕ್ಕಿತು, ಮನೆಯಲ್ಲಿ ಮೈಸೂರುಪಾಕ್ ತಂದರು. ಯಾವ ಸಬ್ಜೆಕ್ಟ್ ಇರುತ್ತದೆ, ಯಾಕೆ ಓದಬೇಕು, ನಾಲ್ಕು ವರ್ಷದ ಮೇಲೆ ಏನು ಎಂದು ಒಂದು ಗಂಟೆಯೂ ಯೋಚಿಸಿದ ನೆನಪಿಲ್ಲ. ಇಂಜಿನಿಯರಿಂಗಿಗೆ ಪ್ಲಾನ್ ಬೇಕಾಗಿರಲಿಲ್ಲ. ರಸ್ತೆ ಮೊದಲೇ ಹಾಕಿತ್ತು, ನಾನು ಜಾರಿದೆ. ಇವಳು ಎಂಟು ತಿಂಗಳಿಂದ ಗೋಡೆಯ ಮೇಲೆ ಬರೆದು, ಅಳಿಸಿ, ಬರೆದು ಮಾಡುತ್ತಿದ್ದಾಳೆ. ಮನೆಯಲ್ಲಿ ಮಾತ್ರ ಅವಳನ್ನೇ ‘ಯೋಚನೆ ಇಲ್ಲದೆ ಹಾರ್ತಾಳೆ’ ಅನ್ನುತ್ತಾರೆ.

ಭಾನುವಾರ ಅಪ್ಪನ ಮುಂದೆ ಎಕ್ಸೆಲ್ ಶೀಟ್ ಇಟ್ಟೆ. ಮೊದಲು ಮೈಸೂರಿನಲ್ಲಿ ಪದವಿ. ಥಿಯರಿ ಪೇಪರನ್ನು ಬರೇ ಪಾಸಾಗಲು ಓದದೆ ಸರಿಯಾಗಿ ಓದುವುದು. ಆಮೇಲೆ ಪುಣೆಯ ಪ್ರವೇಶ ಪರೀಕ್ಷೆ, ಅಥವಾ ಬರೋಡಾದಲ್ಲಿ ಕಲಾ ಇತಿಹಾಸದ ಸ್ನಾತಕೋತ್ತರ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಬಣ್ಣ, ಕ್ಯಾನ್ವಾಸ್, ಪೇಪರ್ ಎಂದು ನಾನು ಹಾಕಿದ್ದ ಖರ್ಚು ಕಮ್ಮಿಯಾಯಿತು ಅಂದರು. ವ್ಯಾಪಾರಿ, ಅದು ತಕ್ಷಣ ಕಣ್ಣಿಗೆ ಬಿತ್ತು. ಆಮೇಲೆ ಕೇಳಿದ್ದು ಒಂದೇ: ‘ಕೆಲಸ?’

ಅನಿಮೇಷನ್, ಸಿನಿಮಾ ಸೆಟ್, ಮ್ಯೂಸಿಯಂ, ಡ್ರಾಯಿಂಗ್ ಮೇಷ್ಟ್ರು ಎಂದು ನಾನು ಹೇಳುತ್ತಾ ಹೋದೆ. ‘ನಮಗೆ ಗೊತ್ತಿರೋರು ಯಾರಾದ್ರೂ ಇದಾರಾ?’ ಅಂದರು. ಇಲ್ಲ. ನಮ್ಮ ಕಡೆಯವರಲ್ಲಿ ಒಬ್ಬರೂ ಇಲ್ಲ. ನನ್ನ ಬ್ರಾಂಚಿನ ಸೀನಿಯರ್‌ಗಳಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿ ಇನ್ನೂ ಪಿಜಿಯಲ್ಲಿ ಕೂತು ಕೆಲಸ ಹುಡುಕುತ್ತಿದ್ದಾರೆ ಎಂದು ಆಗ ಹೇಳಬಹುದಿತ್ತು. ಹೇಳಲಿಲ್ಲ. ಅದನ್ನು ಹೇಳಿದರೆ ಅಪ್ಪ ನನ್ನ ಬಗ್ಗೆಯೂ ಯೋಚಿಸಲು ಶುರು ಮಾಡುತ್ತಾರೆ.

ಪರೀಕ್ಷೆಯ ದಿನ ಅವಳ ಜೊತೆ ನಾನೇ ಹೋದೆ. ಡ್ರಾಯಿಂಗ್ ಬೋರ್ಡು ರೈಲಿನ ಸಾಮಾನಿನ ಕಟ್ಟೆಯಲ್ಲಿ ಹಿಡಿಯಲಿಲ್ಲ, ಹಾಸನದಿಂದಾಚೆಗೂ ಮೊಣಕಾಲ ಮೇಲೇ ಇಟ್ಟುಕೊಂಡಿದ್ದೆ. ಎದುರಿಗಿಟ್ಟ ವಸ್ತುಗಳನ್ನು ನೋಡಿ ಬಿಡಿಸುವುದು, ನೆನಪಿನಿಂದ ಒಂದು ದೃಶ್ಯ, ಆಮೇಲೆ ಸಂದರ್ಶನ. ನೆನಪಿನಿಂದ ಅವಳು ಬಿಡಿಸಿದ್ದು ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಚೀಲದ ಮೇಲೆ ಮಲಗಿದ ಹಮಾಲರನ್ನಂತೆ. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ‘ಅದನ್ನ ಯಾರು ನೋಡ್ತಾರೆ’ ಅಂದರು. ಸ್ವಲ್ಪ ಹೊತ್ತಾದ ಮೇಲೆ, ಯಾವ ಹಮಾಲ ಎಂದು ಕೇಳಿದರು.

ಸೆಲೆಕ್ಷನ್ ಪಟ್ಟಿ ಇನ್ನೂ ಬಂದಿಲ್ಲ. ಅಷ್ಟರೊಳಗೆ ಸಿಇಟಿ ಆಪ್ಷನ್ ಎಂಟ್ರಿ ಶುರುವಾಯಿತು. ‘ಅದೂ ಇರಲಿ, ಸುಮ್ನೆ ತುಂಬಿಡು’ ಎಂದರು ಅಪ್ಪ. ಒಟಿಪಿ ಅವರ ಮೊಬೈಲಿಗೇ ಬರುತ್ತದೆ. ಅವರು ಒಂದೊಂದೇ ಅಂಕಿ ಓದಿ ಹೇಳಿದರು, ನಾನು ಟೈಪ್ ಮಾಡಿದೆ. ಒಂದನೇ ಆಪ್ಷನ್ ಕಂಪ್ಯೂಟರ್ ಸೈನ್ಸ್, ಎರಡನೆಯದು ಇಸಿ, ಹೀಗೆ ಇಪ್ಪತ್ತಾರು. ತಂಗಿ ಬಾಗಿಲಲ್ಲಿ ನಿಂತು ನೋಡಿದಳು. ಎರಡು ದಿನವಾಯಿತು, ನನ್ನ ಹತ್ತಿರ ಮಾತಾಡಿಲ್ಲ.